ಇಗ್ನೋ ಆನ್‌ಲೈನ್ ಇಂಡಕ್ಷನ್ ಮೀಟಿಂಗ್: ಮನೆಯಿಂದಲೇ ಓದಲು ಹೊರಟ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲಸಕ್ಕೆ ಹೋಗುತ್ತಲೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದಲ್ಲಿ, ಅಂದರೆ ನಾವೆಲ್ಲ ಇಗ್ನೋ ಅನ್ನುವ ಕಡೆ, ಎಂ.ಎ. ಮುಗಿಸಿದವಳು. ಆಮೇಲೆ ನಮ್ಮ ಬೀದಿಯವರು, ನೆಂಟರು, ಅವರ ಸ್ನೇಹಿತರು ಒಬ್ಬೊಬ್ಬರಾಗಿ ಸೇರತೊಡಗಿದರು. ಪ್ರತಿ ಜನವರಿ ಮತ್ತು ಜುಲೈ ಪ್ರವೇಶದ ಹೊತ್ತಿಗೆ ಫೋನ್ ಬರುತ್ತದೆ: "ಅಕ್ಕಾ, ಇಂಡಕ್ಷನ್ ಮೀಟಿಂಗ್ ಅಂತ ಮೆಸೇಜ್ ಬಂದಿದೆ. ಏನು ಮಾಡ್ಲಿ?" ಎಲ್ಲರಿಗೂ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದು ವಿಶ್ವವಿದ್ಯಾಲಯದ ಅಧಿಕೃತ ಪುಟ ಅಲ್ಲ. ದಿನಾಂಕ, ಶುಲ್ಕದ ವಿಷಯಕ್ಕೆ ಇಗ್ನೋ ಜಾಲತಾಣವೇ ಕೊನೆಯ ಮಾತು.

ಇಂಡಕ್ಷನ್ ಮೀಟಿಂಗ್ ಅಂದರೆ ಏನು?

ಹೊಸದಾಗಿ ಸೇರಿದವರಿಗೆ ವಿಶ್ವವಿದ್ಯಾಲಯ ತನ್ನ ಪರಿಚಯ ಹೇಳುವ ಸಭೆ. ಕಾಲೇಜಿಗೆ ಹೋಗುವವರಿಗೆ ಮೊದಲ ವಾರ ಸೀನಿಯರ್‌ಗಳು, ಕ್ಲರ್ಕು, ಲೈಬ್ರರಿಯವರು ಎಲ್ಲರೂ ಒಂದೊಂದು ವಿಷಯ ಹೇಳಿಕೊಡುತ್ತಾರೆ. ನಮಗೆ ಆ ಕಾರಿಡಾರ್ ಇಲ್ಲ. ಇಗ್ನೋದ ಮುಖ್ಯ ಕಚೇರಿ ಇರುವುದು ದೆಹಲಿಯ ಮೈದಾನ್ ಗಢಿಯಲ್ಲಿ. ನಮ್ಮಲ್ಲಿ ಎಷ್ಟೋ ಜನ ಡಿಗ್ರಿ ಮುಗಿಯುವವರೆಗೂ ಅದನ್ನು ನೋಡುವುದಿಲ್ಲ. ಹಾಗಾಗಿ ಕಾಲೇಜಿನಲ್ಲಿ ಆರು ತಿಂಗಳು ಓಡಾಡಿ ಕಲಿಯುವುದನ್ನು ನಾವು ಒಂದೆರಡು ಗಂಟೆಯ ಸಭೆಯಲ್ಲಿ ಕೇಳಿ ತಿಳಿದುಕೊಳ್ಳಬೇಕು.

ಸಭೆ ನಡೆಸುವುದು ಪ್ರಾದೇಶಿಕ ಕೇಂದ್ರ (ನಮ್ಮ ಭಾಗ ನೋಡಿಕೊಳ್ಳುವ ಇಗ್ನೋ ಕಚೇರಿ) ಅಥವಾ ನಿಮ್ಮ ಅಧ್ಯಯನ ಕೇಂದ್ರ (ಊರಿನ ಕಾಲೇಜಿನಲ್ಲಿರುವ ಇಗ್ನೋ ಕೇಂದ್ರ). ಕರ್ನಾಟಕದಲ್ಲಿ ಎರಡು ಪ್ರಾದೇಶಿಕ ಕೇಂದ್ರಗಳಿವೆ, ಬೆಂಗಳೂರು ಮತ್ತು ವಿಜಯಪುರ. ಪುಸ್ತಕ, ಅಸೈನ್‌ಮೆಂಟ್, ಕ್ಲಾಸು, ಪರೀಕ್ಷೆ, ದೂರು ಕೊಡುವ ದಾರಿ, ಇಷ್ಟರ ಬಗ್ಗೆ ಅಲ್ಲಿನ ಅಧಿಕಾರಿಗಳು ಮಾತಾಡುತ್ತಾರೆ. ಕೊನೆಗೆ ನಮ್ಮ ಪ್ರಶ್ನೆಗಳನ್ನು ತೆಗೆದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಆ ಕೊನೆಯ ಭಾಗವೇ ಚಿನ್ನ.

ಹಾಜರಾಗಲೇಬೇಕಾ? ತಪ್ಪಿಸಿಕೊಂಡರೆ ಅಡ್ಮಿಷನ್ ಹೋಗುತ್ತಾ?

ಅಡ್ಮಿಷನ್ ಹೋಗುವುದಿಲ್ಲ. ಆ ಭಯ ಬೇಡ. ಇದಕ್ಕೆ ಅಂಕವೂ ಇಲ್ಲ.

ಆದರೆ ಹಾಜರಾಗಿ ಅಂತ ನಾನು ಕೈಮುಗಿದು ಕೇಳುತ್ತೇನೆ. ದೂರಶಿಕ್ಷಣದಲ್ಲಿ ಜನ ಕಷ್ಟದ ಪಾಠದಿಂದ ಬಿಟ್ಟು ಹೋಗುವುದಕ್ಕಿಂತ ಜಾಸ್ತಿ, ಗೊತ್ತಿಲ್ಲದೆ ಒಂದು ದಿನಾಂಕ ತಪ್ಪಿಸಿಕೊಂಡು ಬಿಟ್ಟು ಹೋಗುತ್ತಾರೆ. ನನ್ನ ಪರಿಚಯದ ಒಬ್ಬರು ಇಡೀ ವರ್ಷ ಚೆನ್ನಾಗಿ ಓದಿದರು. ಪರೀಕ್ಷೆಗೆ ಬೇರೆ ಫಾರ್ಮ್ ತುಂಬಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಹಾಲ್ ಟಿಕೆಟ್ ತಾನಾಗಿ ಬರುತ್ತದೆ ಅಂತ ಕಾಯುತ್ತಿದ್ದರು. ಅಷ್ಟು ಓದಿದವರು ಆರು ತಿಂಗಳು ಸುಮ್ನೆ ಕೂರಬೇಕಾಯಿತು. ಇಂಥದ್ದನ್ನು ಇಂಡಕ್ಷನ್ ಮೀಟಿಂಗ್‌ನಲ್ಲಿ ಹೇಳುತ್ತಾರೆ.

ಮೀಟಿಂಗ್ ಯಾವಾಗ? ಲಿಂಕ್ ಎಲ್ಲಿ ಸಿಗುತ್ತದೆ?

ಪ್ರವೇಶ ಖಚಿತವಾದ ಮೇಲೆ, ಕ್ಲಾಸು ಶುರುವಾಗುವ ಆಸುಪಾಸಿನಲ್ಲಿ ಇರುತ್ತದೆ. ಎಲ್ಲ ಕೋರ್ಸ್‌ಗಳಿಗೂ ಒಂದೇ ದಿನ ಇರಬೇಕೆಂದಿಲ್ಲ. ಬಿ.ಎ., ಬಿ.ಕಾಂ.ನವರಿಗೆ ಒಂದು ದಿನ, ಎಂ.ಎ.ಯವರಿಗೆ ಇನ್ನೊಂದು ದಿನ ಇಡಬಹುದು. ಭಾನುವಾರ ಅಥವಾ ರಜೆಯ ದಿನ ಇಟ್ಟರೆ ಕೆಲಸಕ್ಕೆ ಹೋಗುವವರಿಗೆ ಅನುಕೂಲ, ಆದರೆ ಯಾವಾಗಲೂ ಹಾಗೇ ಆಗುವುದಿಲ್ಲ.

ಲಿಂಕ್ ನೀವು ಅರ್ಜಿಯಲ್ಲಿ ಕೊಟ್ಟ ಮೊಬೈಲ್ ಮತ್ತು ಇಮೇಲ್‌ಗೆ ಬರುತ್ತದೆ. ಜೊತೆಗೆ ಪ್ರಾದೇಶಿಕ ಕೇಂದ್ರದ ಜಾಲತಾಣದಲ್ಲೂ ಹಾಕುತ್ತಾರೆ. ಗೂಗಲ್ ಮೀಟ್ ಇರಬಹುದು, ಯೂಟ್ಯೂಬ್ ಲೈವ್ ಇರಬಹುದು, ಬೇರೆ ಆ್ಯಪ್ ಇರಬಹುದು.

ನನಗೆ ಯಾವ ಮೆಸೇಜೂ ಬಂದಿಲ್ಲವಲ್ಲ?

ಮೊದಲು ಇಮೇಲ್‌ನ ಸ್ಪ್ಯಾಮ್ ಫೋಲ್ಡರ್ ನೋಡಿ. ಆಮೇಲೆ ಇನ್ನೊಂದು ಯೋಚಿಸಿ: ಅರ್ಜಿಯಲ್ಲಿ ಯಾರ ನಂಬರ್ ಕೊಟ್ಟಿದ್ದೀರಿ?

ಇದು ನಮ್ಮ ಕಡೆ ತುಂಬಾ ಆಗುತ್ತದೆ. ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕಿಸುತ್ತೇವೆ. ಒಟಿಪಿ ಬೇಗ ಬರಲಿ ಅಂತ ಅಲ್ಲಿಯವರು ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಆಗ ವಿಶ್ವವಿದ್ಯಾಲಯ ಕಳಿಸಿದ ಪ್ರತಿಯೊಂದು ಪತ್ರವೂ ಅಲ್ಲಿಗೇ ಹೋಗುತ್ತದೆ. ನಿಮ್ಮ ಅರ್ಜಿಯ ಪ್ರಿಂಟ್ ತೆಗೆದು ನೋಡಿ. ನಂಬರ್ ಅಥವಾ ಇಮೇಲ್ ನಿಮ್ಮದಲ್ಲದಿದ್ದರೆ ಬದಲಿಸಲು ಪ್ರಾದೇಶಿಕ ಕೇಂದ್ರಕ್ಕೆ ಇವತ್ತೇ ಬರೆಯಿರಿ. ಯೂಸರ್‌ನೇಮ್, ಪಾಸ್‌ವರ್ಡ್ ಎರಡನ್ನೂ ಅಂಗಡಿಯವರಿಂದ ಕೇಳಿ ಪಡೆದು, ಪಾಸ್‌ವರ್ಡ್ ಬದಲಿಸಿಕೊಳ್ಳಿ. ಮುಂದಿನ ಎರಡು ಮೂರು ವರ್ಷ ಇದೇ ನಿಮ್ಮ ಕಾಲೇಜಿನ ಗೇಟು.

ಮೀಟಿಂಗ್‌ಗೆ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಒಂದು ಹೊಸ ನೋಟ್‌ಬುಕ್ ತೆಗೆದುಕೊಳ್ಳಿ. ಇದನ್ನು ಡಿಗ್ರಿ ಮುಗಿಯುವವರೆಗೂ ಇಟ್ಟುಕೊಳ್ಳುತ್ತೀರಿ, ಆದ್ದರಿಂದ ಸ್ವಲ್ಪ ಗಟ್ಟಿ ರಟ್ಟಿನದೇ ಇರಲಿ. ಮೊದಲ ಪುಟದಲ್ಲಿ ನಿಮ್ಮ ಎನ್‌ರೋಲ್‌ಮೆಂಟ್ ನಂಬರ್ ಬರೆಯಿರಿ. ಇಗ್ನೋದಲ್ಲಿ ನಿಮ್ಮ ಹೆಸರಿಗಿಂತ ಈ ನಂಬರ್ ಜಾಸ್ತಿ ಕೆಲಸ ಮಾಡುತ್ತದೆ. ಅದರ ಕೆಳಗೆ ಪ್ರೋಗ್ರಾಂ ಕೋಡ್, ಪ್ರಾದೇಶಿಕ ಕೇಂದ್ರದ ಕೋಡ್, ಅಧ್ಯಯನ ಕೇಂದ್ರದ ಕೋಡ್ ಮತ್ತು ವಿಳಾಸ. ಇವೆಲ್ಲ ನಿಮ್ಮ ಗುರುತಿನ ಚೀಟಿಯಲ್ಲೂ ಅಡ್ಮಿಷನ್ ಪತ್ರದಲ್ಲೂ ಸಿಗುತ್ತವೆ. ಗುರುತಿನ ಚೀಟಿ ಅಂಚೆಯಲ್ಲಿ ಬರುತ್ತದೆ ಅಂತ ಕಾಯಬೇಡಿ. ಇಗ್ನೋದ ವಿದ್ಯಾರ್ಥಿ ಖಾತೆ ಇರುವ ಸಮರ್ಥ್ ಪೋರ್ಟಲ್‌ಗೆ ಲಾಗಿನ್ ಆಗಿ ನೀವೇ ಇಳಿಸಿಕೊಳ್ಳಬೇಕು. ಬಣ್ಣದ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸಿ, ಪರೀಕ್ಷೆಗೆ ಬೇಕೇ ಬೇಕು.

ಎರಡನೇ ಪುಟದಲ್ಲಿ ನಿಮ್ಮ ಕೋರ್ಸ್‌ಗಳ ಕೋಡ್ ಬರೆಯಿರಿ. ಇಲ್ಲೊಂದು ಗೊಂದಲ ಎಲ್ಲರಿಗೂ ಆಗುತ್ತದೆ. ನಾವು "ಬಿ.ಎ. ಕೋರ್ಸ್ ಮಾಡ್ತಿದ್ದೀನಿ" ಅನ್ನುತ್ತೇವೆ. ಇಗ್ನೋ ಭಾಷೆಯಲ್ಲಿ ಬಿ.ಎ. ಒಂದು ಪ್ರೋಗ್ರಾಂ. ಅದರೊಳಗಿನ ಒಂದೊಂದು ಪತ್ರಿಕೆ ಒಂದೊಂದು ಕೋರ್ಸ್. ಉದಾಹರಣೆಗೆ ಬಿಪಿಎಸ್‌ಸಿ-131 ಅಂದರೆ ರಾಜಕೀಯ ಸಿದ್ಧಾಂತದ ಪರಿಚಯ, ಬಿಇವಿಎಇ-181 ಅಂದರೆ ಪರಿಸರ ಅಧ್ಯಯನ. ಮೀಟಿಂಗ್‌ನಲ್ಲಿ ಮಾತಾಡುವವರು ಕೋಡ್‌ಗಳಲ್ಲೇ ಮಾತಾಡುತ್ತಾರೆ. ನಿಮ್ಮ ಕೋಡ್ ಕಣ್ಣೆದುರು ಇದ್ದರೆ ಯಾವ ಮಾತು ನಿಮಗೆ, ಯಾವುದು ಪಕ್ಕದವರಿಗೆ ಅಂತ ತಕ್ಷಣ ಗೊತ್ತಾಗುತ್ತದೆ.

ಮೂರನೇ ಪುಟ ದಿನಾಂಕಗಳಿಗೆ. ಅದನ್ನು ಖಾಲಿ ಬಿಡಿ. ಮೀಟಿಂಗ್ ದಿನ ತುಂಬುತ್ತದೆ.

ಸಾಧ್ಯವಾದರೆ ಹಿಂದಿನ ರಾತ್ರಿ ನಿಮ್ಮ ಪ್ರೋಗ್ರಾಂ ಗೈಡ್ ಮೇಲೆ ಒಮ್ಮೆ ಕಣ್ಣಾಡಿಸಿ. ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದುವುದು ಬೇಡ. ಅರ್ಥವಾಗದ ಕಡೆ ಪೆನ್ಸಿಲ್ ಗುರುತು ಹಾಕಿದರೆ ಸಾಕು, ನಿಮ್ಮ ಪ್ರಶ್ನೆಗಳು ಅಲ್ಲೇ ಸಿದ್ಧವಾದವು.

ಲ್ಯಾಪ್‌ಟಾಪ್ ಇಲ್ಲ, ಫೋನ್ ಸಾಕಾ? ನಮ್ಮೂರಲ್ಲಿ ನೆಟ್‌ವರ್ಕ್ ಸರಿಯಿಲ್ಲ.

ಫೋನ್ ಧಾರಾಳ ಸಾಕು. ನನ್ನ ಮೀಟಿಂಗ್ ದಿನ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಅರ್ಧ ಚಾರ್ಜ್ ಇದ್ದ ಫೋನ್ ಹಿಡಿದು ಮಹಡಿ ಮೇಲೆ ನೀರಿನ ಟ್ಯಾಂಕ್ ಪಕ್ಕ ಕೂತು ಕೇಳಿದೆ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಆವತ್ತು ಬರೆದ ಪುಟ ಇವತ್ತಿಗೂ ನನ್ನ ಹತ್ತಿರ ಇದೆ.

ನೆಟ್‌ವರ್ಕ್ ಕಡಿಮೆ ಇದ್ದರೆ ನಿಮ್ಮ ವಿಡಿಯೊ ಆಫ್ ಮಾಡಿ, ಮಾತು ಮಾತ್ರ ಕೇಳಿ. ಯೂಟ್ಯೂಬ್ ಲೈವ್ ಆಗಿದ್ದರೆ ಗುಣಮಟ್ಟವನ್ನು 144ಕ್ಕೆ ಇಳಿಸಿ. ಚಿತ್ರ ಮಸುಕಾಗುತ್ತದೆ, ಧ್ವನಿ ಕಡಿಯುವುದಿಲ್ಲ. ಮೀಟಿಂಗ್‌ಗೆ ಹತ್ತು ನಿಮಿಷ ಮುಂಚೆಯೇ ಸೇರಿ, ಯಾಕೆಂದರೆ ಒಂದು ಮೀಟಿಂಗ್‌ನಲ್ಲಿ ಇಷ್ಟೇ ಜನ ಅನ್ನುವ ಮಿತಿ ಇರುತ್ತದೆ. ಪುಕ್ಕಟೆ ಗೂಗಲ್ ಮೀಟ್‌ನಲ್ಲಿ ಅದು 100. ಒಳಗೆ ಹೋಗಲು ಆಗದಿದ್ದರೆ ಗಾಬರಿ ಬೇಡ. ಅದೇ ಹೊತ್ತಿಗೆ ಯೂಟ್ಯೂಬ್ ಲೈವ್ ಇದೆಯಾ ನೋಡಿ. ಯೂಟ್ಯೂಬ್‌ನಲ್ಲಿ ಆದದ್ದು ಸಾಮಾನ್ಯವಾಗಿ ಆಮೇಲೂ ಅಲ್ಲೇ ಇರುತ್ತದೆ. ರಾತ್ರಿ ಕೆಲಸ ಮುಗಿಸಿ ನಿಧಾನವಾಗಿ ನೋಡಬಹುದು. ಸೆಕೆಂಡ್ ಷಿಫ್ಟ್‌ನಲ್ಲಿ ಇರುವವರಿಗೆ ಇದೇ ದಾರಿ.

ನನ್ನ ಮುಖ ತೋರಿಸಬೇಕಾ? ಮನೆಯಲ್ಲಿ ಮಕ್ಕಳ ಗಲಾಟೆ ಇರುತ್ತದೆ.

ತೋರಿಸಲೇಬೇಕು ಅಂತ ಒತ್ತಾಯ ಮಾಡಿದ್ದನ್ನು ನಾನು ಕಂಡಿಲ್ಲ. ಮೈಕ್ ಮಾತ್ರ ಮ್ಯೂಟ್‌ನಲ್ಲಿರಲಿ. ಸೇರುವಾಗ ನಿಮ್ಮ ಪೂರ್ತಿ ಹೆಸರು ಕಾಣುವ ಹಾಗೆ ಮಾಡಿಕೊಳ್ಳಿ. "ಅಮ್ಮು", "ರೆಡ್‌ಮಿ" ಅಂತ ಕಂಡರೆ ಒಳಗೆ ಬಿಡುವವರಿಗೆ ನೀವು ಯಾರೆಂದು ತಿಳಿಯುವುದಿಲ್ಲ. ಕೆಲವು ಕಡೆ ಹಾಜರಿಗೆ ಗೂಗಲ್ ಫಾರ್ಮ್ ಕೊಡುತ್ತಾರೆ, ಅದನ್ನು ಅಲ್ಲೇ ತುಂಬಿಬಿಡಿ.

ಇಂಗ್ಲಿಷ್ ಸರಾಗವಾಗಿ ಬರಲ್ಲ. ಕನ್ನಡದಲ್ಲಿ ಕೇಳಬಹುದಾ?

ಕೇಳಿ. ಧೈರ್ಯವಾಗಿ ಕೇಳಿ. ಅಧ್ಯಯನ ಕೇಂದ್ರಗಳು ಇರುವುದು ನಮ್ಮ ಊರಿನ ಕಾಲೇಜುಗಳಲ್ಲೇ, ಅಲ್ಲಿ ಕೂತವರೂ ಹೆಚ್ಚಾಗಿ ನಮ್ಮ ಮೇಷ್ಟ್ರುಗಳೇ. ಬಾಯಿಬಿಟ್ಟು ಕೇಳಲು ಸಂಕೋಚ ಆದರೆ ಚಾಟ್‌ನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ. ನೀವು ಕೇಳಿದ ಪ್ರಶ್ನೆ ಇನ್ನೂ ಹತ್ತು ಜನರ ಮನಸ್ಸಿನಲ್ಲಿ ಇರುತ್ತದೆ, ಅವರು ಕೇಳದೆ ಸುಮ್ಮನಿರುತ್ತಾರೆ ಅಷ್ಟೆ.

ಆದರೆ ಒಂದನ್ನು ಇಲ್ಲೇ ಹೇಳುತ್ತೇನೆ. ಇಗ್ನೋದ ಹೆಚ್ಚಿನ ಪುಸ್ತಕಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ. ಅರ್ಜಿ ಹಾಕುವಾಗ ನೀವು ಯಾವ ಮಾಧ್ಯಮ ಆರಿಸಿದ್ದೀರಿ ಅಂತ ನೋಡಿಕೊಳ್ಳಿ. ಗೊತ್ತಿಲ್ಲದೆ ಹಿಂದಿ ಆರಿಸಿ, ಹಿಂದಿ ಪುಸ್ತಕದ ಕಟ್ಟು ಬಂದಾಗ ಕಂಗಾಲಾದವರನ್ನು ನೋಡಿದ್ದೇನೆ. ಪೂರ್ತಿ ಕನ್ನಡದಲ್ಲೇ ಓದಿ ಬರೆಯಬೇಕು ಅನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. 1996ರಲ್ಲಿ ಶುರುವಾದದ್ದು. ಅಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಬಹುದು. ಅದರ ನಿಯಮ, ದಿನಾಂಕ ಬೇರೆ. ಇಲ್ಲಿ ಬರೆದದ್ದನ್ನು ಅಲ್ಲಿಗೆ ಹಾಗೇ ಅನ್ವಯಿಸಬೇಡಿ.

ಯಾವ ಪ್ರಶ್ನೆ ಕೇಳಬೇಕು ಅಂತಲೇ ತೋಚಲ್ಲ.

ನನಗೂ ಮೊದಲ ಸಲ ತೋಚಿರಲಿಲ್ಲ. ಈಗ ನಾನು ಎಲ್ಲರಿಗೂ ಬರೆದುಕೊಡುವುದು ಇವು:

- ನಮ್ಮ ಸೆಷನ್‌ಗೆ (ನಾವು ಸೇರಿದ ಜನವರಿ ಅಥವಾ ಜುಲೈ ಪ್ರವೇಶಕ್ಕೆ) ಯಾವ ಅಸೈನ್‌ಮೆಂಟ್ ಪ್ರಶ್ನೆಗಳು? ಎಲ್ಲಿ ಕೊಡಬೇಕು, ಕಾಗದದಲ್ಲಾ, ಸ್ಕ್ಯಾನ್ ಮಾಡಿ ಆನ್‌ಲೈನ್‌ನಲ್ಲಾ?
- ನನ್ನ ಮೊದಲ ಪರೀಕ್ಷೆ ಜೂನ್‌ನಲ್ಲಾ, ಡಿಸೆಂಬರ್‌ನಲ್ಲಾ?
- ಕೌನ್ಸೆಲಿಂಗ್ ಕ್ಲಾಸ್ (ಪಾಠ ವಿವರಿಸಿ ಅನುಮಾನ ಬಿಡಿಸುವ ಕ್ಲಾಸು) ವೇಳಾಪಟ್ಟಿ ಎಲ್ಲಿ ಹಾಕುತ್ತೀರಿ?
- ನನ್ನ ಪ್ರೋಗ್ರಾಂನಲ್ಲಿ ಪ್ರಾಕ್ಟಿಕಲ್, ಪ್ರಾಜೆಕ್ಟ್ ಇದೆಯಾ? ಯಾವ ವರ್ಷ?
- ಅಧ್ಯಯನ ಕೇಂದ್ರ ಯಾವ ದಿನ, ಯಾವ ಹೊತ್ತು ತೆರೆದಿರುತ್ತದೆ?

ಕೊನೆಯದು ಸಣ್ಣ ಪ್ರಶ್ನೆ ಅನ್ನಿಸಬಹುದು. ಎಷ್ಟೋ ಕೇಂದ್ರಗಳು ಭಾನುವಾರ ಮತ್ತು ಸಂಜೆ ಮಾತ್ರ ತೆರೆದಿರುತ್ತವೆ. ಹೊಲದ ಕೆಲಸ ಬಿಟ್ಟು, ಎರಡು ಬಸ್ ಬದಲಿಸಿ ಮಂಗಳವಾರ ಮಧ್ಯಾಹ್ನ ಹೋಗಿ ಬೀಗ ನೋಡಿ ವಾಪಸ್ ಬಂದವರ ಸಂಕಟ ನನಗೆ ಗೊತ್ತು.

ಕೋರ್ಸ್ ತಪ್ಪಾಗಿ ಆರಿಸಿದ್ದೀರಿ ಅನ್ನಿಸಿದರೂ ಆವತ್ತೇ ಕೇಳಿ. ಬದಲಾವಣೆಗೆ ಅವಕಾಶ ಇದೆ, ಆದರೆ ಸಮಯದ ಮಿತಿಯೂ ಇದೆ.

ಅಸೈನ್‌ಮೆಂಟ್ ಅಂದರೆ ಹೋಂವರ್ಕ್ ತಾನೇ? ಅಷ್ಟು ಮುಖ್ಯವಾ?

ಹೋಂವರ್ಕ್‌ಗಿಂತ ದೊಡ್ಡದು. ಹೆಚ್ಚಿನ ಪ್ರೋಗ್ರಾಂಗಳಲ್ಲಿ ಒಟ್ಟು ಅಂಕದ 30 ಭಾಗ ಅಸೈನ್‌ಮೆಂಟ್‌ಗೆ, 70 ಭಾಗ ಪರೀಕ್ಷೆಗೆ. ಎರಡರಲ್ಲೂ ಬೇರೆ ಬೇರೆ ಪಾಸಾಗಬೇಕು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ಅಸೈನ್‌ಮೆಂಟ್ ಕೊಡದಿದ್ದರೆ ಆ ಕೋರ್ಸ್ ಮುಗಿದಂತೆ ಲೆಕ್ಕವಿಲ್ಲ. ಪಾಸಾಗಲು ಬಿ.ಎ.ಯಲ್ಲಿ ನೂರಕ್ಕೆ 35, ಎಂ.ಎ.ಯಲ್ಲಿ ನೂರಕ್ಕೆ 40 ಬೇಕು.

ಪ್ರಶ್ನೆಗಳನ್ನು ಯಾರೂ ಮನೆಗೆ ಕಳಿಸುವುದಿಲ್ಲ. ಜಾಲತಾಣದಿಂದ ನೀವೇ ಇಳಿಸಿಕೊಳ್ಳಬೇಕು. ಅದರ ಮೇಲೆ ಯಾವ ಸೆಷನ್‌ಗೆ ಅಂತ ಬರೆದಿರುತ್ತದೆ. ಹಳೇ ಸೆಷನ್ನಿನ ಪ್ರಶ್ನೆಗೆ ಉತ್ತರ ಬರೆದರೆ ಇಡೀ ಶ್ರಮ ನೀರಿಗೆ ಬಿದ್ದಂತೆ. ಅಕ್ಕನದೋ ಸ್ನೇಹಿತರದೋ ಹಳೆಯ ಪ್ರತಿ ನೋಡಿ ಬರೆಯಲು ಕೂರಬೇಡಿ.

ಕೈಯಲ್ಲಿ ಬರೆಯಬೇಕು. ಮೊದಲ ಪುಟದಲ್ಲಿ ಎನ್‌ರೋಲ್‌ಮೆಂಟ್ ನಂಬರ್, ಹೆಸರು, ವಿಳಾಸ, ಪ್ರೋಗ್ರಾಂ, ಕೋರ್ಸ್ ಕೋಡ್, ಅಧ್ಯಯನ ಕೇಂದ್ರದ ಕೋಡ್, ದಿನಾಂಕ ಇರಬೇಕು. ಒಂದೊಂದು ಕೋರ್ಸ್‌ಗೂ ಬೇರೆ ಬೇರೆ ಕಟ್ಟು. ಕೊಡುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಕೊಟ್ಟ ಮೇಲೆ ರಸೀದಿ ಪಡೆಯಿರಿ. ಆನ್‌ಲೈನ್‌ನಲ್ಲಿ ಕಳಿಸಿದರೆ ಸ್ಕ್ರೀನ್‌ಶಾಟ್ ಇಡಿ. ಮುಂದೆ ಗ್ರೇಡ್ ಕಾರ್ಡ್‌ನಲ್ಲಿ ಅಂಕ ಕಾಣದಿದ್ದರೆ ಕೇಳಲು ಆ ತುಂಡು ಕಾಗದವೇ ಆಧಾರ.

ಪೇಟೆಯಲ್ಲಿ, ಟೆಲಿಗ್ರಾಂನಲ್ಲಿ ರೆಡಿಮೇಡ್ ಅಸೈನ್‌ಮೆಂಟ್ ಮಾರುವವರಿದ್ದಾರೆ. ದಯವಿಟ್ಟು ಕೊಳ್ಳಬೇಡಿ. ಒಂದೇ ಉತ್ತರ ನೂರು ಜನರಿಂದ ಬಂದಾಗ ತಿದ್ದುವವರಿಗೆ ಗೊತ್ತಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಷ್ಟ್ರು ಎದುರಿಗಿಲ್ಲದ ನಮ್ಮ ಓದಿನಲ್ಲಿ ಒಬ್ಬರು ನಮ್ಮ ಬರಹ ಓದಿ ಟಿಪ್ಪಣಿ ಹಾಕುವುದು ಇಲ್ಲಿ ಮಾತ್ರ. ಅದನ್ನು ದುಡ್ಡು ಕೊಟ್ಟು ಕಳೆದುಕೊಳ್ಳುವುದು ಯಾಕೆ?

ಪರೀಕ್ಷೆ ಯಾವಾಗ ಬರುತ್ತದೆ?

ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್. ಜುಲೈಯಲ್ಲಿ ವಾರ್ಷಿಕ ಪದ್ಧತಿಯ ಪ್ರೋಗ್ರಾಂ ಸೇರಿದವರಿಗೆ ಮೊದಲ ಪರೀಕ್ಷೆ ಮುಂದಿನ ಜೂನ್‌ನಲ್ಲಿ. ಸೆಮಿಸ್ಟರ್ ಪದ್ಧತಿಯಾದರೆ ಅದೇ ಡಿಸೆಂಬರ್‌ನಲ್ಲಿ. ಜನವರಿಯಲ್ಲಿ ಸೇರಿದವರಿಗೆ ವಾರ್ಷಿಕವಾದರೆ ಡಿಸೆಂಬರ್, ಸೆಮಿಸ್ಟರ್ ಆದರೆ ಜೂನ್.

ಎರಡು ಫಾರ್ಮ್‌ಗಳನ್ನು ಬೇರೆ ಬೇರೆ ನೆನಪಿಡಿ. ಒಂದು ಪರೀಕ್ಷಾ ಫಾರ್ಮ್, ಪ್ರತಿ ಪರೀಕ್ಷೆಗೂ ಶುಲ್ಕ ಕಟ್ಟಿ ತುಂಬಬೇಕು, ಪರೀಕ್ಷಾ ಕೇಂದ್ರವನ್ನೂ ಅಲ್ಲೇ ಆರಿಸಬೇಕು. ಇನ್ನೊಂದು ರೀ-ರಿಜಿಸ್ಟ್ರೇಷನ್, ಮುಂದಿನ ವರ್ಷಕ್ಕೋ ಸೆಮಿಸ್ಟರ್‌ಗೋ ಹೆಸರು ಮುಂದುವರಿಸುವುದು. ಪರೀಕ್ಷೆ ಬರೆಯದಿದ್ದರೂ, ಫಲಿತಾಂಶ ಬರದಿದ್ದರೂ ರೀ-ರಿಜಿಸ್ಟ್ರೇಷನ್ ಮಾಡಬಹುದು. "ಪಾಸಾದ ಮೇಲೆ ಮಾಡೋಣ" ಅಂತ ಕಾದವರು ವರ್ಷ ಕಳೆದುಕೊಂಡಿದ್ದಾರೆ.

ಪುಸ್ತಕ ಇನ್ನೂ ಬಂದಿಲ್ಲ. ಓದು ಶುರು ಮಾಡೋದು ಹೇಗೆ?

ಇ-ಜ್ಞಾನಕೋಶ್ ಅನ್ನುವ ಇಗ್ನೋದ್ದೇ ಡಿಜಿಟಲ್ ಭಂಡಾರ ಇದೆ. ಕೋರ್ಸ್ ಕೋಡ್ ಹಾಕಿ ಹುಡುಕಿದರೆ ಪುಸ್ತಕದ ಪಿಡಿಎಫ್ ಸಿಗುತ್ತದೆ. ಅರ್ಜಿಯಲ್ಲಿ ಡಿಜಿಟಲ್ ಪುಸ್ತಕ ಸಾಕು ಅಂದವರಿಗೆ ಶುಲ್ಕದಲ್ಲಿ 15% ರಿಯಾಯಿತಿ ಇದೆ. ಹಾಗೆ ಆರಿಸಿದ್ದರೆ ಅಚ್ಚಿನ ಪುಸ್ತಕ ಬರುವುದೇ ಇಲ್ಲ. ಅದನ್ನು ಮರೆತು ಅಂಚೆಯವರನ್ನು ಕಾಯುತ್ತಿದ್ದೀರಾ, ಒಮ್ಮೆ ಪರೀಕ್ಷಿಸಿ. ಇಂಟರ್ನೆಟ್ ಕಷ್ಟ ಇರುವ ಮನೆಗಳಲ್ಲಿ ಡಿಡಿ ಫ್ರೀ ಡಿಶ್‌ನಲ್ಲಿ ಬರುವ ಸ್ವಯಂಪ್ರಭಾ ಅನ್ನುವ ಪಾಠದ ಟಿವಿ ಚಾನೆಲ್‌ಗಳೂ ಉಪಯೋಗಕ್ಕೆ ಬರುತ್ತವೆ.

ಎಷ್ಟು ಹೊತ್ತು ಓದಬೇಕು?

ಇಗ್ನೋ ಲೆಕ್ಕದಲ್ಲಿ 1 ಕ್ರೆಡಿಟ್ ಅಂದರೆ 30 ಗಂಟೆ. 6 ಕ್ರೆಡಿಟ್‌ನ ಒಂದು ಕೋರ್ಸ್‌ಗೆ 180 ಗಂಟೆ. ಓದು, ಕೇಳುವುದು, ಅಸೈನ್‌ಮೆಂಟ್ ಬರೆಯುವುದು ಎಲ್ಲ ಸೇರಿ. ವರ್ಷಕ್ಕೆ 32 ಕ್ರೆಡಿಟ್ ಇರುವ ಎಂ.ಎ. ಆದರೆ 960 ಗಂಟೆ, ಅಂದರೆ ಹತ್ತು ತಿಂಗಳು ದಿನಕ್ಕೆ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಮನೆ, ಕೆಲಸ ಎರಡೂ ನೋಡುವವರಿಗೆ ಇದು ಪ್ರತಿ ದಿನ ಆಗುವ ಮಾತಲ್ಲ. ನಾನು ಬೆಳಿಗ್ಗೆ ಐದಕ್ಕೆ ಎದ್ದು ಒಂದೂವರೆ ಗಂಟೆ, ಬಸ್ಸಿನಲ್ಲಿ ಅರ್ಧ ಗಂಟೆ ಓದುತ್ತಿದ್ದೆ. ಉಳಿದದ್ದು ಭಾನುವಾರಕ್ಕೆ.

ಒಂದು ವರ್ಷ ಆಗಲಿಲ್ಲ ಅಂದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮೂರು ವರ್ಷದ ಬಿ.ಎ.ಗೆ 6 ವರ್ಷ, ಎರಡು ವರ್ಷದ ಎಂ.ಎ.ಗೆ 4 ವರ್ಷದವರೆಗೆ ಸಮಯ ಇದೆ. ಹೆರಿಗೆ, ಅನಾರೋಗ್ಯ, ಕೆಲಸದ ವರ್ಗಾವಣೆ ಯಾರನ್ನೂ ಕೇಳಿ ಬರುವುದಿಲ್ಲವಲ್ಲ.

ಕ್ಲಾಸಿಗೆ ಹೋಗಲೇಬೇಕಾ?

ಥಿಯರಿ ಪತ್ರಿಕೆಗಳ ಕೌನ್ಸೆಲಿಂಗ್ ಕ್ಲಾಸು ಕಡ್ಡಾಯ ಅಲ್ಲ. ಪ್ರಾಕ್ಟಿಕಲ್ ಇರುವ ಪ್ರೋಗ್ರಾಂಗಳಲ್ಲಿ ಲ್ಯಾಬ್ ಹಾಜರಿ ಕಡ್ಡಾಯ. ಬಿಸಿಎ, ಎಂಸಿಎಯವರು ಇದನ್ನು ಗಟ್ಟಿಯಾಗಿ ಬರೆದಿಟ್ಟುಕೊಳ್ಳಿ.

ಪುಣೆಯಲ್ಲೋ ಮುಂಬೈಯಲ್ಲೋ ಕೆಲಸದಲ್ಲಿದ್ದೇನೆ. ಊರಿನ ಕೇಂದ್ರ ಹಾಕಿದ್ದೇನೆ. ತೊಂದರೆಯಾ?

ಆನ್‌ಲೈನ್ ಮೀಟಿಂಗ್‌ಗೆ ಏನೂ ತೊಂದರೆ ಇಲ್ಲ. ಆದರೆ ಅಸೈನ್‌ಮೆಂಟ್ ಕೊಡಲು, ಪ್ರಾಕ್ಟಿಕಲ್‌ಗೆ ಹೋಗಲು ಹತ್ತಿರದ ಕೇಂದ್ರವೇ ಬೇಕು. ಆ ಎರಡೂ ಊರಲ್ಲಿ ಇಗ್ನೋ ಪ್ರಾದೇಶಿಕ ಕೇಂದ್ರಗಳಿವೆ, ಅರ್ಜಿ ಕೊಟ್ಟು ಬದಲಿಸಿಕೊಳ್ಳಬಹುದು. ಪರೀಕ್ಷೆಯನ್ನು ಮಾತ್ರ ರಜೆ ಹಾಕಿ ಊರಿಗೆ ಬಂದು ಬರೆಯುತ್ತೇನೆ ಅನ್ನುವವರು ಪರೀಕ್ಷಾ ಫಾರ್ಮ್‌ನಲ್ಲಿ ಊರಿನ ಹತ್ತಿರದ ಕೇಂದ್ರ ಆರಿಸಿದರೆ ಆಯಿತು.

ವಾಟ್ಸಾಪ್ ಗ್ರೂಪ್‌ಗೆ ಸೇರಿಸಿದ್ದಾರೆ. ಅಲ್ಲಿ ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಕೊಡಬೇಡಿ. ಇಗ್ನೋ ಶುಲ್ಕ ಕಟ್ಟುವುದು ಅಧಿಕೃತ ಪೋರ್ಟಲ್‌ನಲ್ಲಿ ಮಾತ್ರ. ಯಾರ ಫೋನ್‌ಪೇ ನಂಬರ್‌ಗೂ ಅಲ್ಲ. "ಅಸೈನ್‌ಮೆಂಟ್ ಇಲ್ಲದೆ ಪಾಸ್ ಮಾಡಿಸ್ತೀವಿ", "ಪರೀಕ್ಷೆ ಬರೆಯೋದೇ ಬೇಡ" ಅನ್ನುವವರು ನಿಮ್ಮ ದುಡ್ಡು ಮತ್ತು ವರ್ಷ ಎರಡನ್ನೂ ತಿನ್ನುತ್ತಾರೆ. ಒಟಿಪಿ, ಪಾಸ್‌ವರ್ಡ್ ಯಾರಿಗೂ ಹೇಳಬೇಡಿ. ಜೊತೆಗೆ ಓದುವವರ ಗ್ರೂಪ್ ಇದ್ದರೆ ಒಳ್ಳೆಯದೇ. ಆದರೆ ಅಲ್ಲಿ ಬಂದ ದಿನಾಂಕವನ್ನು ಜಾಲತಾಣದಲ್ಲಿ ನೋಡಿ ಆಮೇಲೆ ನಂಬಿ. ನಿಜವಾದ ದೂರು ಇದ್ದರೆ ಇಗ್ನೋದ ಐಗ್ರಾಮ್ ಪೋರ್ಟಲ್‌ನಲ್ಲಿ ಹಾಕಿ. ಅಲ್ಲಿ ಸಿಗುವ ನಂಬರ್ ಬರೆದಿಟ್ಟುಕೊಳ್ಳಿ.

ನನಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬರೆಯಲು ಸಹಾಯ ಸಿಗುತ್ತದಾ?

ಸಿಗುತ್ತದೆ. ಅಂಗವೈಕಲ್ಯ ಇರುವವರಿಗೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕರನ್ನು ಪಡೆಯುವ ಹಕ್ಕಿದೆ. ಕೇಂದ್ರ ಸರ್ಕಾರದ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷ ಹೆಚ್ಚಿನ ಸಮಯವೂ ಇದೆ. ಪ್ರಮಾಣಪತ್ರ ಸಿದ್ಧ ಇಟ್ಟುಕೊಂಡು ಇಂಡಕ್ಷನ್ ಮೀಟಿಂಗ್‌ನಲ್ಲೇ ಅಧ್ಯಯನ ಕೇಂದ್ರ ನೋಡಿಕೊಳ್ಳುವ ಕೋಆರ್ಡಿನೇಟರ್‌ಗೆ ಹೇಳಿ. ಪರೀಕ್ಷೆಯ ಹಿಂದಿನ ದಿನ ಹೇಳಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ.

ಈ ಡಿಗ್ರಿಗೆ ಬೆಲೆ ಇದೆಯಾ? ಮನೆಯವರು ಅನುಮಾನ ಪಡುತ್ತಾರೆ.

ಇದೆ. ಸಂಸತ್ತಿನ 1985ರ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ ಇದು. 1987ರಲ್ಲಿ ಎರಡು ಡಿಪ್ಲೊಮಾಗಳಿಗೆ 4,528 ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಶುರು ಮಾಡಿತು. ಇವತ್ತು ಲಕ್ಷಾಂತರ ಜನ ಓದುತ್ತಿದ್ದಾರೆ. 2021ರಲ್ಲಿ ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನಿಂದ ಎ ಪ್ಲಸ್ ಪ್ಲಸ್ ಶ್ರೇಣಿ ಬಂತು. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣದ ಡಿಗ್ರಿ ರೆಗ್ಯುಲರ್ ಡಿಗ್ರಿಗೆ ಸಮ ಅಂತ ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿದೆ. ಆ ಸುತ್ತೋಲೆಯ ಪ್ರತಿ ಇಳಿಸಿ ಮನೆಯವರಿಗೆ ತೋರಿಸಿ.

ನನಗೆ 46. ಮಕ್ಕಳ ವಯಸ್ಸಿನವರ ಜೊತೆ ಮೀಟಿಂಗ್‌ನಲ್ಲಿ ಕೂರಲು ನಾಚಿಕೆ.

ಮುಕ್ತ ವಿಶ್ವವಿದ್ಯಾಲಯ ಕಟ್ಟಿದ್ದೇ ನಿಮ್ಮಂಥವರಿಗಾಗಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಓದು ಬಿಟ್ಟವರು, ಅಪ್ಪನ ಅಂಗಡಿಗೆ ಕೂತವರು, ಸೈನ್ಯದಿಂದ ನಿವೃತ್ತರಾದವರು ಎಲ್ಲರೂ ಅಲ್ಲಿರುತ್ತಾರೆ. ಜೈಲಿನಲ್ಲಿರುವವರಿಗೂ ಇಗ್ನೋ ಪುಕ್ಕಟೆಯಾಗಿ ಓದಿಸುತ್ತದೆ. ನನ್ನ ಜೊತೆ ಪರೀಕ್ಷೆ ಬರೆದ ಒಬ್ಬರು ಅಮ್ಮ ಮೊಮ್ಮಗಳ ಪೆನ್ಸಿಲ್ ಬಾಕ್ಸ್ ತಂದಿದ್ದರು. ಮೂರು ಗಂಟೆ ತಲೆ ಎತ್ತದೆ ಬರೆದರು. ಅವರನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಮೀಟಿಂಗ್ ಮುಗಿಯಿತು. ಇನ್ನೇನು?

ಲಿಂಕ್ ಮುಚ್ಚಿದ ಮೇಲೆ ಇನ್ನೂ ಒಂದು ವಾರದ ಕೆಲಸ ಇದೆ. ನನ್ನ ಪ್ರಕಾರ ಅಲ್ಲಿಗೇ ಇಂಡಕ್ಷನ್ ಪೂರ್ತಿ.

ಆವತ್ತೇ ರಾತ್ರಿ, ನೆನಪು ಹಸಿ ಇರುವಾಗ, ಮೂರನೇ ಪುಟಕ್ಕೆ ದಿನಾಂಕಗಳನ್ನು ಬರೆಯಿರಿ. ಅಸೈನ್‌ಮೆಂಟ್ ಕೊನೆಯ ದಿನ, ಪರೀಕ್ಷಾ ಫಾರ್ಮ್, ರೀ-ರಿಜಿಸ್ಟ್ರೇಷನ್. ಇನ್ನೂ ಪ್ರಕಟವಾಗಿಲ್ಲದಿದ್ದರೆ ಜಾಗ ಬಿಟ್ಟು, ಪ್ರತಿ ತಿಂಗಳ ಒಂದನೇ ತಾರೀಕು ಜಾಲತಾಣ ನೋಡುವುದು ಅಂತ ಫೋನ್‌ನಲ್ಲಿ ಅಲಾರಂ ಇಡಿ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲೂ ಗುರುತು ಹಾಕಿ. ಮನೆಯವರಿಗೂ ಕಾಣಲಿ, ಆ ದಿನಗಳಲ್ಲಿ ನಿಮಗೆ ಸ್ವಲ್ಪ ಬಿಡುವು ಸಿಗುತ್ತದೆ.

ಮೊದಲ ಭಾನುವಾರ ಅಧ್ಯಯನ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ. ಕೋಆರ್ಡಿನೇಟರ್‌ಗೆ ನಮಸ್ಕಾರ ಹೇಳಿ, ನೋಟಿಸ್ ಬೋರ್ಡ್ ಎಲ್ಲಿದೆ ನೋಡಿ, ಅಸೈನ್‌ಮೆಂಟ್ ತೆಗೆದುಕೊಳ್ಳುವ ಕಿಟಕಿ ಯಾವುದು ಕೇಳಿ. ಪ್ರಯಾಣಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದುಕೊಳ್ಳಿ, ಪರೀಕ್ಷೆ ಆ ಕಡೆಯೇ ಬಿದ್ದರೆ ಉಪಯೋಗವಾಗುತ್ತದೆ.

ಡೆಬ್ ಐಡಿ (ಯುಜಿಸಿಯ ದೂರಶಿಕ್ಷಣ ವಿಭಾಗದ ನಂಬರ್), ಎಬಿಸಿ ಐಡಿ (ನಿಮ್ಮ ಕ್ರೆಡಿಟ್‌ಗಳ ಲೆಕ್ಕ ಇಡುವ ಖಾತೆಯ ನಂಬರ್) ಈಗ ದೂರಶಿಕ್ಷಣದ ಪ್ರವೇಶಕ್ಕೆ ಬೇಕಾಗಿವೆ. ಅರ್ಜಿ ಹೊತ್ತಲ್ಲೇ ಮಾಡಿಸಿರುತ್ತೀರಿ. ಅವುಗಳ ನಂಬರ್‌ಗಳನ್ನೂ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಸೇರಿಸಿ.

ಆಮೇಲೆ ಒಂದೇ ಒಂದು ಕೋರ್ಸ್ ಆರಿಸಿ, ಅದರ ಅಸೈನ್‌ಮೆಂಟ್ ಪ್ರಶ್ನೆಗಳನ್ನು ಇಳಿಸಿ ಪ್ರಿಂಟ್ ತೆಗೆಸಿ. ಮೊದಲ ಪ್ರಶ್ನೆ ಯಾವ ಘಟಕದಿಂದ ಬಂದಿದೆ ಹುಡುಕಿ, ಆ ಘಟಕ ಓದಿ. ಎಲ್ಲ ಪುಸ್ತಕ ಮೊದಲಿಂದ ಓದುತ್ತೇನೆ ಅಂತ ಕೂತರೆ ಹದಿನೈದು ದಿನದಲ್ಲಿ ಸುಸ್ತಾಗುತ್ತದೆ. ಒಂದು ಪ್ರಶ್ನೆ ಹಿಡಿದು ಓದಿದರೆ ಆ ವಾರವೇ ಅರ್ಧ ಉತ್ತರ ಕಾಗದದ ಮೇಲೆ ಬಂದಿರುತ್ತದೆ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮೊದಲ ಕೌನ್ಸೆಲಿಂಗ್ ಕ್ಲಾಸಿನಲ್ಲಿ ಕೇಳಲು ಪ್ರಶ್ನೆ ಸಿಕ್ಕಿತು.